ಸಮುದ್ರದರ್ಶನದ ಸಿದ್ಧತೆ

ತೊಂಡೇಬಾವಿಯ ಸೀಮೆಯಲ್ಲಿ ನೀರೆಂದರೆ ಬಾವಿಯ ಆಳದಲ್ಲಿರುವುದು. ಅದನ್ನು ಸೇದುತ್ತಲೇ ಪ್ರಾಯವನ್ನು ಕಳೆದ ನನ್ನ ಸಹಧರ್ಮಿಣಿಯು ಸಮುದ್ರವನ್ನು ಕಂಡವಳಲ್ಲ. ಆದುದರಿಂದ ಮಳೆಗಾಲ ಕಳೆದೊಡನೆ ಎರಡು ದಿನಗಳ ಮಟ್ಟಿಗೆ ಕಾರವಾರಕ್ಕೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಬೆಂಗಳೂರಿನಿಂದ ರಾತ್ರಿಯ ರೈಲು ಹಿಡಿದರೆ ಬೆಳಿಗ್ಗೆ ಅಲ್ಲಿರಬಹುದು.

ಸದಾಶಿವಗಡದ ಕೋಟೆ, ಕಾಳೀನದಿಯು ಕಡಲನ್ನು ಸೇರುವ ಸಂಗಮ, ‘ಚಾಪಲ್’ ಯುದ್ಧನೌಕೆಯ ಸಂಗ್ರಹಾಲಯ, ಬಂದರು ಎಂದು ಪಟ್ಟಿ ಬರೆದು ಆಕೆಯ ಮುಂದಿಟ್ಟೆನು. “ಮಂಡಿನೋವಿನವಳಿಗೆ ಇಷ್ಟೇಕೆ? ಒಂದು ಸಂಜೆ ದಡದಲ್ಲಿ ಕೂರಿಸಿರಿ, ಸಾಕು” ಎಂದಳು.

ಆ ದಡವೇನು ಸಾಮಾನ್ಯವೆ? ತರುಣ ರವೀಂದ್ರನಾಥ ಠಾಕೂರರು ಅಲ್ಲಿದ್ದಾಗ ಬರೆದ, 1884ರಲ್ಲಿ ಪ್ರಕಟವಾದ ನಾಟಕದಲ್ಲಿ, ಲೋಕವನ್ನು ತೊರೆದ ಸಂನ್ಯಾಸಿಯನ್ನು ಅನಾಥಬಾಲೆಯೊಬ್ಬಳ ಮಮತೆಯು ಮರಳಿ ಲೋಕಕ್ಕೆ ಕರೆತರುವುದು. ಸಂಗಮವನ್ನೂ ಸಂಜೆಯನ್ನೂ ಉಳಿಸಿ ಮಿಕ್ಕವನ್ನು ಹೊಡೆದುಹಾಕಿದೆನು. ವಾಚಕರೇ, ಸ್ಥಳಗಳನ್ನು ಎಣಿಸುವ ಮೊದಲು ಜೊತೆಯವರ ಕಾಲಿನ ಬಲವನ್ನು ವಿಚಾರಿಸುವುದು ಲೇಸು.