ಮೊಬೈಲಿಗೂ ಒಂದು ಬುತ್ತಿ

ಚಿಂಚೋಳಿಗೆ ರೈಲಿಲ್ಲ. ಅಲ್ಲಿಯವರು ಬೆಂಗಳೂರಿನ ರೈಲು ಹತ್ತಬೇಕಾದರೆ ಮೊದಲು ಬಸ್ಸು ಹಿಡಿದು ಸೇಡಂಗೋ, ಗಡಿಯಾಚೆಯ ತಾಂಡೂರಿಗೋ, ಇಲ್ಲವೇ ವಾಡಿ ಜಂಕ್ಷನ್ನಿಗೋ ಬರಬೇಕು. ಸೇಡಂ ಮತ್ತು ಚಿತ್ತಾಪುರ ಇರುವುದು ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಹಳಿಯ ಮೇಲೆ. ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ಮಾರ್ಗ ಅದು. ಶಹಾಬಾದ್ ಇರುವುದು ಮುಂಬೈ–ಚೆನ್ನೈ ಮಾರ್ಗದಲ್ಲಿ. ಎರಡೂ ಕೂಡುವ ಜಾಗವೇ ವಾಡಿ. ಕಾಲೇಜು ತೆರೆಯುವ ದಿನಗಳಲ್ಲಿ ರಾತ್ರಿ ಹೊತ್ತು ವಾಡಿಯ ಪ್ಲಾಟ್‌ಫಾರ್ಮಿಗೆ ಹೋಗಿ ನೋಡಿ. ಟ್ರಂಕಿನ ಮೇಲೆ ಕುಳಿತ ಹುಡುಗರು, ಬ್ಯಾಗನ್ನು ಎದೆಗವಚಿಕೊಂಡ ಹುಡುಗಿಯರು, ಪಕ್ಕದಲ್ಲಿ ಹೇಳಿದ್ದನ್ನೇ ಹೇಳುತ್ತಿರುವ ತಂದೆ ತಾಯಿಗಳು. ಎಲ್ಲರ ಕೈಯಲ್ಲೂ ಮೊಬೈಲು.

ಚಿಂಚೋಳಿ ಕಡೆಯ ಒಬ್ಬ ಹುಡುಗಿ ಹೀಗೆಯೇ ಮೊದಲ ಸಲ ಒಬ್ಬಳೇ ಹೊರಟಿದ್ದಳು. ಪಿಯುಸಿ ಮುಗಿದಿತ್ತು, ಬೆಂಗಳೂರಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿತ್ತು. ಅಪ್ಪನಿಗೆ ತೊಗರಿ ಹೊಲದ ಕೆಲಸ, ಬಿಟ್ಟು ಬರುವಂತಿರಲಿಲ್ಲ. ವಾಡಿಯಲ್ಲಿ ಸೊಲ್ಲಾಪುರ–ಹಾಸನ ಎಕ್ಸ್‌ಪ್ರೆಸ್ ಹತ್ತಿಸಿ ಮರಳುವುದು, ಬೆಳಿಗ್ಗೆ ಯಶವಂತಪುರದಲ್ಲಿ ಅವಳ ಕಾಕಾ ಬಂದು ಇಳಿಸಿಕೊಳ್ಳುವುದು ಎಂದು ಗೊತ್ತಾಗಿತ್ತು. ಅವ್ವ ಎರಡು ದಿನ ಮೊದಲೇ ಕಟಕ ರೊಟ್ಟಿ ಮಾಡಿ, ಶೇಂಗಾ ಹಿಂಡಿ ಕುಟ್ಟಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದ್ದಳು.

ಮನೆಯ ಮುತ್ಯಾ ಶಹಾಬಾದಿನ ಕಲ್ಲಿನ ಖಣಿಯಲ್ಲಿ ದುಡಿದ ಮನುಷ್ಯ. ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದವನು ಒಂದೇ ಮಾತು ಕೇಳಿದ.

“ಯವ್ವಾ, ನಿನಗ ಬುತ್ತಿ ಕಟ್ಯಾರ. ಆ ಫೋನಿಗಿ ಏನ್ ಕಟ್ಕೊಂಡಿ?”

“ರೈಲಿನ್ಯಾಗ ಪಾಯಿಂಟ್ ಇರ್ತದ ಮುತ್ಯಾ, ಹಚ್ಚಿದ್ರಾತು” ಎಂದು ನಕ್ಕಳು ಹುಡುಗಿ.

ಬಸ್ಸಿನಲ್ಲಿ ಹಾಡು ಕೇಳುತ್ತಾ ಬಂದದ್ದರಿಂದ ವಾಡಿ ಮುಟ್ಟುವಷ್ಟರಲ್ಲಿ ಬ್ಯಾಟರಿ ಅರ್ಧಕ್ಕಿಂತ ಕೆಳಗಿತ್ತು. ರೈಲು ಹತ್ತಿದರೆ ಅವಳದು ಮೇಲಿನ ಬರ್ತು, ಪಾಯಿಂಟು ಕೆಳಗೆ ಕಿಟಕಿಯ ಬಳಿ. ಎದುರುಬದುರು ಆರು ಬರ್ತು, ಪಕ್ಕದಲ್ಲಿ ಎರಡು, ಒಟ್ಟು ಎಂಟು ಜನ. ಕೈಗೆ ಸಿಕ್ಕುವ ಪಾಯಿಂಟು ಎರಡು. ಒಂದು ಸಡಿಲವಾಗಿ ಪ್ಲಗ್ಗು ನಿಲ್ಲುತ್ತಲೇ ಇರಲಿಲ್ಲ. ಇನ್ನೊಂದಕ್ಕೆ ಸರದಿ. ಅವಳ ಸರದಿ ಬಂದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಹನ್ನೊಂದಕ್ಕೆ ಪಾಯಿಂಟಿನಲ್ಲಿ ವಿದ್ಯುತ್ತು ನಿಂತಿತು. ಚಾರ್ಜರೇ ಕೆಟ್ಟಿತೆಂದು ತಿಳಿದ ಹುಡುಗಿ ಗಳಿಗೆಗೊಮ್ಮೆ ಪರದೆ ಬೆಳಗಿಸಿ ನೋಡುತ್ತಾ, ಅದರದೇ ಬೆಳಕಿನಲ್ಲಿ ಚಪ್ಪಲಿ ಹುಡುಕುತ್ತಾ ಉಳಿದಷ್ಟನ್ನೂ ಕರಗಿಸಿದಳು. ಬೆಳಿಗ್ಗೆ ಯಲಹಂಕದ ಹತ್ತಿರ ಕಾಕಾನಿಗೆ ಫೋನು ಹಚ್ಚಿ “ಕಾಕಾ, ನಾ...” ಎನ್ನುವಷ್ಟರಲ್ಲಿ ಫೋನು ಸತ್ತಿತು.

ಯಶವಂತಪುರ ನಿಲ್ದಾಣಕ್ಕೆ ಎರಡು ಕಡೆ ಬಾಗಿಲು. ಹುಡುಗಿ ಒಂದು ಕಡೆ ನಿಂತಳು, ಕಾಕಾ ಇನ್ನೊಂದು ಕಡೆ. ಚಿಂಚೋಳಿಯಲ್ಲಿ ಅಪ್ಪ ಹತ್ತು ಸಲ ಫೋನು ಮಾಡಿದ; ಹತ್ತು ಸಲವೂ ‘ಸ್ವಿಚ್ ಆಫ್’ ಎಂಬ ಅದೇ ದನಿ. ಅವ್ವ ಚಹಾದ ಕಪ್ಪನ್ನು ಕೆಳಗಿಟ್ಟವಳು ಮತ್ತೆ ಎತ್ತಲಿಲ್ಲ. ಮಕ್ಕಳನ್ನು ದೂರ ಕಳಿಸಿದ ಪಾಲಕರಿಗೆ ಆ ಒಂದು ತಾಸು ಎಂಥದೆಂದು ವಿವರಿಸಬೇಕಾಗಿಲ್ಲ.

ಅದೇ ಬೋಗಿಯಲ್ಲಿ ಬಂದಿದ್ದ ಶಹಾಬಾದಿನ ತಾಯಿಯೊಬ್ಬರು ಹುಡುಗಿಯ ಮುಖ ನೋಡಿ ನಿಂತರು. ಅವರ ಬಳಿ ಪವರ್ ಬ್ಯಾಂಕ್ ಇತ್ತು, ಆದರೆ ಅದರ ವೈರು ಹಳೆಯ ನಮೂನೆಯದು, ಇವಳ ಫೋನಿಗೆ ಕೂಡಲಿಲ್ಲ. ತಮ್ಮ ಫೋನನ್ನೇ ಕೊಟ್ಟು “ಕಾಕಾಗ ಹಚ್ಚಮ್ಮ” ಎಂದರು. ಕಾಕಾನ ನಂಬರು ಅವಳಿಗೆ ಬಾರದು. ಅಪ್ಪನದೂ ಬಾರದು. ಎಲ್ಲವೂ ಸತ್ತ ಫೋನಿನ ಹೊಟ್ಟೆಯೊಳಗೆ. ನೆನಪಿದ್ದದ್ದು ಒಂದೇ, ಮುತ್ಯಾನ ಗುಂಡಿ ಒತ್ತುವ ಫೋನಿನ ನಂಬರು. ಕಣ್ಣು ಕಾಣದ ಮುತ್ಯಾನಿಗೆ ರೀಚಾರ್ಜ್ ಮಾಡಿಸುವಾಗಲೆಲ್ಲ ಅಂಗಡಿಯಲ್ಲಿ ಅದನ್ನು ಹೇಳಿ ಹೇಳಿ ಬಾಯಿಗೆ ಬಂದಿತ್ತು. ಮುತ್ಯಾ ಅಪ್ಪನಿಗೆ ಹೇಳಿದ, ಅಪ್ಪ ಕಾಕಾನಿಗೆ. ಕಾಕಾ ಮೇಲ್ಸೇತುವೆ ದಾಟಿ ಓಡಿ ಬಂದ.

ಇನ್ನು ಹನ್ನೊಂದಕ್ಕೆ ವಿದ್ಯುತ್ತು ನಿಂತದ್ದೇಕೆ? ಅದು ಆ ರಾತ್ರಿಯ ದೋಷವಲ್ಲ, ರೈಲ್ವೆಯ ಕ್ರಮ. ಅದರ ಹಿಂದೆ ಈ ಭಾಗದವರಿಗೆ ಹತ್ತಿರದ ಒಂದು ದುಃಖವಿದೆ. 2013ರ ಡಿಸೆಂಬರ್ 28ರ ಬೆಳಗಿನ ಜಾವ ಬೆಂಗಳೂರಿನಿಂದ ನಾಂದೇಡಕ್ಕೆ ಹೊರಟಿದ್ದ ಎಕ್ಸ್‌ಪ್ರೆಸ್ಸಿನ ಒಂದು ಬೋಗಿಗೆ ಆಂಧ್ರದ ಅನಂತಪುರ ಜಿಲ್ಲೆಯ ಕೊತ್ತಚೆರುವು ಬಳಿ ಬೆಂಕಿ ಬಿದ್ದು 26 ಜನ ಸತ್ತರು. ರಾಯಚೂರು, ಸೇಡಂ, ಬೀದರದ ಹಾದಿಯಲ್ಲಿ ಹೋಗುವ ರೈಲು ಅದು. ಆ ದುರಂತದ ನಂತರ ರೈಲ್ವೆ ಸುರಕ್ಷತಾ ಆಯುಕ್ತರು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಮೊಬೈಲ್ ಚಾರ್ಜಿಂಗ್ ಪಾಯಿಂಟುಗಳನ್ನು ಬಂದ್ ಮಾಡಬೇಕೆಂದು ಶಿಫಾರಸು ಮಾಡಿದರು. 2014ರಲ್ಲಿ ರೈಲ್ವೆ ಮಂಡಳಿ ಆ ಪ್ರಕಾರ ಸೂಚನೆ ಕೊಟ್ಟಿತು, 2021ರಲ್ಲಿ ಅದನ್ನು ಮತ್ತೆ ಬಿಗಿಗೊಳಿಸಲಾಯಿತು. ಎಲ್ಲರೂ ಮಲಗಿದ ಹೊತ್ತಿನಲ್ಲಿ ಒಂದು ಪ್ಲಗ್ಗು ಕಾಯ್ದು ಕಿಡಿ ಹಾರಿದರೆ ನೋಡುವವರು ಯಾರು? ಪಾಯಿಂಟು ಬಂದ್ ಆದಾಗ ರೈಲ್ವೆಯವರನ್ನು ಬೈಯುವ ಮೊದಲು ಆ 26 ಜನರನ್ನು ಒಮ್ಮೆ ನೆನೆಯಬೇಕು.

ವಿಜ್ಞಾನ ಓದುವ ಮಕ್ಕಳು ಇನ್ನೊಂದು ಲೆಕ್ಕವನ್ನೂ ಮಾಡಿ ನೋಡಬಹುದು. ಹಳೆಯ ಮಾದರಿಯ ಸ್ಲೀಪರ್ ಬೋಗಿ ತನ್ನ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಗಾಲಿಯ ಅಚ್ಚಿನಿಂದ ಬೆಲ್ಟಿನ ಮೂಲಕ ತಿರುಗುವ ಆಲ್ಟರ್ನೇಟರ್ ಬೋಗಿಯ ಕೆಳಗೆ ಇರುತ್ತದೆ. ಸೈಕಲ್ಲಿನ ಡೈನಮೋ ಬಲ್ಲವರಿಗೆ ಇದು ಹೊಸದಲ್ಲ. ರೈಲು ನಿಂತಾಗ ಬ್ಯಾಟರಿ ಆಸರೆ. ಆ ಆಲ್ಟರ್ನೇಟರಿನ ಶಕ್ತಿ ಸುಮಾರು ನಾಲ್ಕೂವರೆ ಕಿಲೋವಾಟ್, ಬರ್ತುಗಳು 72. ಅಂದರೆ ತಲೆಗೆ ಅರವತ್ತು ಚಿಲ್ಲರೆ ವಾಟ್. ಅದರಲ್ಲೇ ಫ್ಯಾನು, ದೀಪ ಎಲ್ಲ ನಡೆಯಬೇಕು. ಒಂದೂವರೆ ಕಿಲೋವಾಟಿನ ನೀರು ಕಾಯಿಸುವ ಕೆಟ್ಲು ಮೂರು ಜನ ಹಚ್ಚಿದರೆ ಇಡೀ ಬೋಗಿಯ ಪಾಲು ಮುಗಿಯಿತು. ಈಗಿನ ಹೊಸ ಎಲ್‌ಎಚ್‌ಬಿ ಬೋಗಿಗಳಿಗೆ ಇಂಜಿನ್ನಿನಿಂದಲೋ ಪವರ್ ಕಾರಿನಿಂದಲೋ ವಿದ್ಯುತ್ತು ಬರುತ್ತದೆ. ಹಾಗೆಂದು ಅಲ್ಲಿಯೂ ಕೆಟ್ಲು ಹಚ್ಚುವಂತಿಲ್ಲ.

ಹೀಗಾಗಿ ಫೋನಿನ ಬುತ್ತಿಯನ್ನು ಮನೆಯಲ್ಲೇ ಕಟ್ಟಿಕೊಳ್ಳಬೇಕು. ಪವರ್ ಬ್ಯಾಂಕಿನ ಮೇಲೆ 10,000 ಎಂದು ಬರೆದಿದ್ದರೆ, 5,000ದ ಫೋನನ್ನು ಎರಡು ಸಲ ತುಂಬಿಸುತ್ತದೆ ಎಂದು ಅಂಗಡಿಯವನು ಹೇಳುತ್ತಾನೆ. ಅದು ನಿಜವಲ್ಲ. ಆ ಅಂಕಿ ಒಳಗಿನ ಕೋಶದ 3.7 ವೋಲ್ಟಿನ ಲೆಕ್ಕ. ಒಟ್ಟು ಶಕ್ತಿ 37 ವಾಟ್‌ಅವರ್. ಅದನ್ನು 5 ವೋಲ್ಟಿಗೆ ಏರಿಸಿ ಫೋನಿಗೆ ತಲುಪಿಸುವಾಗ ಒಂದಿಷ್ಟು ಶಾಖವಾಗಿ ಹೋಗುತ್ತದೆ. ಫೋನಿನ ಬ್ಯಾಟರಿ ಸುಮಾರು 19 ವಾಟ್‌ಅವರ್. ಒಂದೂವರೆ ಸಲ ತುಂಬಿದರೆ ದೊಡ್ಡದು, ಒಂದು ರಾತ್ರಿಗೆ ಧಾರಾಳವಾಯಿತು. ಆದರೆ ಹೊರಡುವ ಹಿಂದಿನ ದಿನವೇ ಅದನ್ನು ತುಂಬಿಸಿಟ್ಟು, ತನ್ನ ಫೋನಿಗೆ ಹೊಂದುವ ವೈರನ್ನು ಅದಕ್ಕೇ ಸುತ್ತಿಟ್ಟಿರಬೇಕು. ಹೊಟ್ಟೆ ಉಬ್ಬಿದ ಪವರ್ ಬ್ಯಾಂಕು ಎಷ್ಟೇ ಬೆಲೆಯದಾದರೂ ಬೇಡ. ಚಾರ್ಜಿಗೆ ಹಚ್ಚಿ ತಲೆದಿಂಬಿನ ಕೆಳಗೆ ಇಡುವುದಂತೂ ಬೇಡವೇ ಬೇಡ. ಲಿಥಿಯಂ ಬ್ಯಾಟರಿಯ ಬಿಸಿ ಹೊರಹೋಗಲು ಗಾಳಿ ಬೇಕು.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿಯದು. ರಾಯಚೂರು ದಾಟಿದ ಮೇಲೆ ಬಯಲಿನಲ್ಲಿ ಟವರು ದೂರ ದೂರ. ಸಿಗ್ನಲ್ ಕ್ಷೀಣಿಸಿದಷ್ಟೂ ಫೋನು ಹೆಚ್ಚು ಶಕ್ತಿ ಹಾಕಿ ಕೂಗುತ್ತದೆ, ಹೊಸ ಟವರನ್ನು ಹುಡುಕುತ್ತದೆ. ಯಾರೂ ಮುಟ್ಟದಿದ್ದರೂ ಬ್ಯಾಟರಿ ಇಳಿಯುವುದು ಹೀಗೆ. ಮಲಗುವ ಮುನ್ನ ಮನೆಗೆ ಒಂದು ಮಾತು ಹೇಳಿ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದರೆ ಬೆಳಿಗ್ಗೆ ಇಟ್ಟಷ್ಟೂ ಬಹುಪಾಲು ಇರುತ್ತದೆ, ಅಲಾರಾಂ ಕೂಡ ಹೊಡೆಯುತ್ತದೆ. ನಡುರಾತ್ರಿ ಫೋನು ತಾಗಲಿಲ್ಲವೆಂದು ಗಾಬರಿಯಾಗದಂತೆ ಪಾಲಕರಿಗೂ ಇದನ್ನು ತಿಳಿಸಿರಬೇಕು.

ದಸರೆಗೆ ಊರಿಗೆ ಬಂದ ಹುಡುಗಿ ಮರಳಿ ಹೊರಟಾಗ ಮುತ್ಯಾ ಗಂಟು ಬಿಚ್ಚಿಸಿ ನೋಡಿದ. ಪವರ್ ಬ್ಯಾಂಕು, ವೈರು, ಚಿಕ್ಕದೊಂದು ಟಾರ್ಚು. ಸ್ಲೀಪರಿನಲ್ಲಿ ಹಾಸಿಗೆ ಕೊಡುವುದಿಲ್ಲವಾದ್ದರಿಂದ ಒಂದು ಚಾದರ. ಬ್ಯಾಗನ್ನು ಸೀಟಿನ ಕೆಳಗೆ ಕಟ್ಟಲು ಸರಪಳಿ, ಬೀಗ. ಫೋನು ಸತ್ತರೆ ಫೋನ್‌ಪೇಯೂ ಸತ್ತಂತೆ ಎಂದು ಹತ್ತು ಇಪ್ಪತ್ತರ ನೋಟುಗಳು. ಟಿಕೀಟು ಮತ್ತು ಆಧಾರ್ ಪ್ರತಿ ಪ್ಲಾಸ್ಟಿಕ್ ಚೀಲದಲ್ಲಿ. ಜೊತೆಗೆ ಹಾಳೆಯೊಂದರಲ್ಲಿ ದಪ್ಪ ಅಕ್ಷರದಲ್ಲಿ ಅಪ್ಪನ, ಕಾಕಾನ, ಹಾಸ್ಟೆಲ್ಲಿನ ನಂಬರುಗಳು, ಕೊನೆಗೆ ರೈಲ್ವೆಯ 139.

ಮುತ್ಯಾನಿಗೆ ಅಷ್ಟಕ್ಕೂ ಸಮಾಧಾನವಾಗಲಿಲ್ಲ. ಸೇಡಂ ಬಸ್ಸು ಬಂದು ನಿಂತಿತ್ತು, ಕಂಡಕ್ಟರ್ ಸೀಟಿ ಊದುತ್ತಿದ್ದ. “ಹಾಳಿ ಕಳೀತಂದ್ರ?” ಎಂದು ಕೇಳಿದ ಮುತ್ಯಾ ಕೈಯಿಂದ ಕಾಗದ ಕಸಿದುಕೊಂಡು ನಿಂತ. ಹುಡುಗಿ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿಟ್ಟುಕೊಂಡೇ ಕಾಕಾನ ನಂಬರಿನ ಹತ್ತೂ ಅಂಕಿಗಳನ್ನು ಮಗ್ಗಿಯ ಹಾಗೆ ಒಪ್ಪಿಸಿದಳು, ಆಮೇಲೆ ಅಪ್ಪನದು. ಆಗ ಕಾಗದ ಮರಳಿ ಸಿಕ್ಕಿತು.