ಆಪಾ ಬರೆದ ಅರ್ಥಗಳು

ಕಳೆದ ಮಳೆಗಾಲದಲ್ಲಿ ಬಸವಕಲ್ಯಾಣದ ನಮ್ಮ ಹಳೆಯ ಮನೆಯ ಮಾಳಿಗೆ ಸೋರಿತು. ಅಬ್ಬಾ ಅವರ ತಗಡಿನ ಟ್ರಂಕು ಸರಿಯಾಗಿ ಆ ಸೋರುವ ಜಾಗದ ಕೆಳಗೇ ಇತ್ತು. ಒಳಗಿದ್ದ ಜಮೀನಿನ ಕಾಗದ, ಹಳೆಯ ರೇಷನ್ ಕಾರ್ಡು, ಉರ್ದು ಪುಸ್ತಕಗಳನ್ನೆಲ್ಲ ತೆಗೆದು ನೆರಳಿನಲ್ಲಿ ಹರಡುವಾಗ ತಳದಲ್ಲಿ ಒಂದು ಚಿತ್ರಕಥೆಯ ಪುಸ್ತಕ ಸಿಕ್ಕಿತು. ಅಮರ ಚಿತ್ರಕಥೆಯ ಕನ್ನಡ 'ಬೀರಬಲ್'. ಹೊದಿಕೆ ಅರ್ಧ ಕಳಚಿತ್ತು. ಎರಡೂ ಪಿನ್ನುಗಳು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ತಿಂದಿದ್ದವು. ನಡುವಿನ ಒಂದು ಪುಟ ಹರಿದಿದ್ದು, ಅದಕ್ಕೆ ಅಂಟಿಸಿದ ಟೇಪು ಅರಿಸಿನದ ಬಣ್ಣಕ್ಕೆ ತಿರುಗಿತ್ತು.

ಒಂದು ಮಕ್ಕಳ ಪುಸ್ತಕಕ್ಕೆ ಇಷ್ಟೊಂದು ಯೋಚನೆಯೇ ಎಂದು ಓದುಗರು ಕೇಳಬಹುದು. ನಾವೂ ಹಾಗೆಯೇ ಕೇಳಿಕೊಂಡೆವು. ಆದರೆ ನಾವು ಕನ್ನಡ ಕಲಿತದ್ದು ಈ ಪುಸ್ತಕದಿಂದ.

ನಮ್ಮ ಮನೆಮಾತು ದಖ್ಖನಿ. ನಾಲ್ಕನೇ ತರಗತಿಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ. ಕಚೇರಿಯ ಕಾಗದವೆಲ್ಲ ಕನ್ನಡದಲ್ಲಿ ಬರುತ್ತದೆ, ಅದನ್ನು ಓದುವವನೊಬ್ಬನಾದರೂ ಮನೆಯಲ್ಲಿ ಇರಲಿ ಎಂದು ಅಬ್ಬಾ ಐದನೆಯದಕ್ಕೆ ನಮ್ಮನ್ನು ಕನ್ನಡ ಶಾಲೆಗೆ ಹಾಕಿದರು. ಮಾಸ್ತರರು ಹೇಳಿದ್ದು ಅರ್ಧಕ್ಕರ್ಧ ತಿಳಿಯದೆ ದಿನವೂ ಅಳುತ್ತ ಮನೆಗೆ ಬರುತ್ತಿದ್ದೆವು. ಅಬ್ಬಾ ಆಗ ಹುಮನಾಬಾದಿನ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. 1989ರ ಒಂದು ಸಂಜೆ ಅಲ್ಲಿನ ಬಸ್ ನಿಲ್ದಾಣದಿಂದ ಈ ಪುಸ್ತಕ ತಂದುಕೊಟ್ಟರು. ಬೀರಬಲ್ಲನ ಕಥೆಗಳು ದಾದಿಯ ಬಾಯಿಂದ ನಮಗೆ ಮೊದಲೇ ಗೊತ್ತಿದ್ದವು. ಗೊತ್ತಿರುವ ಕಥೆ, ಗೊತ್ತಿಲ್ಲದ ಭಾಷೆ. ಹೆದರಿಕೆ ಅರ್ಧ ಅಲ್ಲೇ ಹೋಯಿತು.

ಉಳಿದರ್ಧ ಕಳೆದವರು ಆಪಾ. ನಮಗಿಂತ ಆರು ವರ್ಷ ದೊಡ್ಡವರು. ಅವರು ಏಳನೇ ತರಗತಿ ಮುಗಿಸಿದ ವರ್ಷ ಅಮ್ಮಿ ಹಾಸಿಗೆ ಹಿಡಿದರು. ಚಿಕ್ಕವರಾದ ನಮ್ಮನ್ನು ನೋಡಿಕೊಳ್ಳಲು ಆಪಾ ಶಾಲೆ ಬಿಟ್ಟರು. ಅವರಿಗೆ ಬರುತ್ತಿದ್ದ ಕನ್ನಡವೂ ಅಷ್ಟಕ್ಕಷ್ಟೆ. ತಿಳಿಯದ ಪದಗಳನ್ನು ಚೀಟಿಯಲ್ಲಿ ಬರೆದುಕೊಂಡು ಎದುರು ಮನೆಯ ಅಕ್ಕೋರ ಹತ್ತಿರ ಹೋಗುತ್ತಿದ್ದರು. ಅರ್ಥ ಕೇಳಿಕೊಂಡು ಬಂದು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಉರ್ದುವಿನಲ್ಲಿ ಬರೆಯುತ್ತಿದ್ದರು. ಆಸ್ಥಾನ ಎಂದರೆ ದರ್ಬಾರ್. ನ್ಯಾಯ ಎಂದರೆ ಇನ್ಸಾಫ್. ಮೂರ್ಖ ಎಂದರೆ ಬೇವಕೂಫ್. 'ತಪ್ಪಿತಸ್ಥ' ಎಂಬ ಪದದ ಪಕ್ಕದಲ್ಲಿ ಮಾತ್ರ ಉರ್ದುವಿನ ಆ ತಿರುಗಿದ ಪ್ರಶ್ನೆಚಿಹ್ನೆ ಇದೆ. ಆ ವಾರ ಅಕ್ಕೋರು ಊರಿಗೆ ಹೋಗಿದ್ದರಂತೆ. ಮುಂದೆ ಅದು ಹಾಗೆಯೇ ಉಳಿಯಿತು.

ಹರಿದ ಪುಟ ನಮ್ಮಿಬ್ಬರ ಜಗಳದ್ದು. ಅಬ್ಬಾ ಬೈಯದೆ ಅಂಗಡಿಯಿಂದ ಟೇಪು ತಂದು ತಾವೇ ಅಂಟಿಸಿದರು. ಆ ಟೇಪಿನ ಅಡಿಯಲ್ಲೂ ಆಪಾ ಬರೆದ ನಾಲ್ಕು ಪದಗಳಿವೆ. ಅವರ ಶಾಲೆಯ ನೋಟ್‌ಬುಕ್ಕುಗಳು ಎಂದೋ ರದ್ದಿಗೆ ಹೋದವು. ಬಾಲ್ಯದ ಅವರ ಕೈಬರಹವೆಂದು ಉಳಿದಿರುವುದು ಇದೊಂದೇ.

ಅಮರ ಚಿತ್ರಕಥೆ ಎಂದರೆ ಎಲ್ಲರಿಗೂ ನೆನಪಾಗುವುದು ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ದುಡಿದ ಅನಂತ ಪೈ. ಆದರೆ ಮಾಲೆಯ ಮೊದಲ ಪುಸ್ತಕಗಳು 1965ರಲ್ಲಿ ಹೊರಬಂದದ್ದು ಕನ್ನಡದಲ್ಲಿ. ಅದಕ್ಕೆ ಕಾರಣರಾದವರು ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್. ಇಂಗ್ಲಿಷ್ ಮಾಲೆಯ ಸಂಖ್ಯೆ 11ರಿಂದ ಆರಂಭವಾಗುವುದು ಅದಕ್ಕಾಗಿಯೇ. ಮೊದಲ ಹತ್ತು ಸಂಖ್ಯೆಗಳು ಕನ್ನಡದವು. ಇಷ್ಟಾದರೂ ಕನ್ನಡದ ಹಳೆಯ ಪ್ರತಿಗಳನ್ನು ಕಾಪಾಡಿದ ಮನೆಗಳು ಕಡಿಮೆ. 32 ಪುಟದ ತೆಳ್ಳನೆಯ ಪುಸ್ತಕ. ಮಕ್ಕಳ ಕೈ ಸೇರಿದ್ದು ಮತ್ತೆ ಕಪಾಟು ಸೇರುವುದು ಅಪರೂಪ.

ಮೊದಲು ಪುಸ್ತಕವನ್ನು ನಮ್ಮೂರಿನ ಜಿಲ್ದ್ ಕಟ್ಟುವ ಚಾಚಾ ಅವರಿಗೆ ತೋರಿಸಿದೆವು. ಮಸೀದಿಯ ಸಿಪಾರಾಗಳಿಂದ ಹಿಡಿದು ಅಂಗಡಿಗಳ ಖಾತೆ ಪುಸ್ತಕದವರೆಗೆ ಕಟ್ಟಿದ ಕೈ ಅವರದು. ಮೈದಾ ಹಿಟ್ಟಿನ ಅಂಟಿಗೆ ಹುಳ ಬೀಳದಂತೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸುತ್ತಾರೆ. "ಒಂದು ದಿನ ಬಿಟ್ಟು ಬಾ ಬೇಟಾ. ಅಡ್ಡ ಹೊಲಿಗೆ ಹಾಕಿ, ರಟ್ಟು ಕಟ್ಟಿ, ಮೂರು ಕಡೆ ಅಂಚು ಕತ್ತರಿಸಿ ಹೊಸದು ಮಾಡಿಕೊಡುತ್ತೇನೆ" ಎಂದರು. ಅಂಚು ಕತ್ತರಿಸಿದರೆ ಆಪಾ ಬರೆದ ಅರ್ಥಗಳೇ ಹೋಗುತ್ತವೆ. ಪುಸ್ತಕವನ್ನು ಹಿಂದಕ್ಕೆ ತಂದೆವು.

ಬೆಂಗಳೂರಿನಲ್ಲಿ ಹಳೆಯ ಚಿತ್ರಕಥೆಗಳನ್ನು ಸಂಗ್ರಹಿಸುವ ಗೆಳೆಯರೊಬ್ಬರಿಗೆ ಫೋನ್ ಮಾಡಿದೆವು. ಅವರು ಹೇಳಿದ್ದು ಇನ್ನೊಂದು ಲೋಕದ ಮಾತು. ಅಮೆರಿಕದಲ್ಲಿ ಚಿತ್ರಕಥೆಗಳಿಗೆ ದರ್ಜೆ ಕೊಡಲೆಂದೇ 2000ರಲ್ಲಿ ಸಿ.ಜಿ.ಸಿ. ಎಂಬ ಸಂಸ್ಥೆ ಶುರುವಾಯಿತು. ರಿಪೇರಿ ಮಾಡಿ ಚಂದಗಾಣಿಸಿದ ಪ್ರತಿಗೆ ಅವರು ನೇರಳೆ ಬಣ್ಣದ ಚೀಟಿ ಅಂಟಿಸುತ್ತಾರೆ. ಅದರ ಬೆಲೆ ಬಿದ್ದುಹೋಗುತ್ತದೆ. "ಮುಟ್ಟಬೇಡಿ. ಮುಟ್ಟಲೇಬೇಕೆಂದರೆ ಮುಂದೆ ಬಿಚ್ಚಲು ಬರುವಂತಹ ಕೆಲಸ ಮಾತ್ರ ಮಾಡಿಸಿ" ಎಂದರು. ಬಲ್ಲವರು ಹರಿದ ಪುಟಕ್ಕೆ ಜಪಾನಿನ ತೆಳುಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚುತ್ತಾರಂತೆ. ನೀರು ತಾಗಿಸಿದರೆ ಅದು ಬಿಟ್ಟುಕೊಳ್ಳುತ್ತದೆ. ಟೇಪು ಹಾಗಲ್ಲ. ಅದರ ಅಂಟು ಕಾಗದದೊಳಗೆ ಇಳಿದು ಕಲೆಯಾಗುತ್ತದೆ, ಕಾಗದವನ್ನು ಕೆಡಿಸುತ್ತದೆ. ಕೀಳಹೋದರೆ ಪೆನ್ಸಿಲಿನ ಬರಹ ಅದರೊಂದಿಗೇ ಏಳುವ ಅಪಾಯವಿದೆ. ಬಿಟ್ಟರೂ ಕೇಡು, ಕಿತ್ತರೂ ಕೇಡು.

ಇದೇ ಯೋಚನೆಯಲ್ಲಿದ್ದಾಗ ಕೆಲಸದ ಮೇಲೆ ಬೀದರಿಗೆ ಹೋಗಬೇಕಾಯಿತು. ಸಮಯವಿತ್ತು, ಮಹಮೂದ್ ಗವಾನರ ಮದರಸಾದ ಮುಂದೆ ಹೋಗಿ ಕುಳಿತೆವು. 1472ರಲ್ಲಿ ಕಟ್ಟಿದ ವಿದ್ಯಾಲಯವದು. 1696ರಲ್ಲಿ ಸಿಡಿಲು ಬಡಿದು, ಒಳಗೆ ತುಂಬಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ಒಂದು ಪಾಲು ಕುಸಿಯಿತೆನ್ನುತ್ತಾರೆ. ಎರಡು ಮಿನಾರುಗಳಲ್ಲಿ ಒಂದೇ ನಿಂತಿದೆ. ಬಣ್ಣದ ಹೆಂಚುಗಳು ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಉಳಿದಿವೆ. ಬಿದ್ದ ಮಿನಾರನ್ನು ಯಾರೂ ಹೊಸದಾಗಿ ಎಬ್ಬಿಸಲಿಲ್ಲ. ನಿಂತದ್ದು ಬೀಳದಂತೆ ನೋಡಿಕೊಂಡರು. ಚಿಕ್ಕಂದಿನಲ್ಲಿ ಇದನ್ನು ಸರ್ಕಾರದ ಸೋಮಾರಿತನವೆಂದುಕೊಂಡಿದ್ದೆವು. ಈಗ ಹಾಗೆ ಅನ್ನಿಸಲಿಲ್ಲ. ಹೊಸ ಮಿನಾರು ಎದ್ದಿದ್ದರೆ ಇಲ್ಲಿ ಒಂದು ನಷ್ಟವಾಗಿತ್ತೆಂಬುದೇ ಮರೆತುಹೋಗುತ್ತಿತ್ತು.

ಇಷ್ಟೆಲ್ಲ ಜನರನ್ನು ಕೇಳಿದ ನಾವು ಕೇಳಬೇಕಾದವರನ್ನೇ ಕೇಳಿರಲಿಲ್ಲ. ಆಪಾ ಮದುವೆಯಾಗಿ ಹೋದದ್ದು ಹುಮನಾಬಾದಿಗೆ. ಸುಮಾರು 30 ಕಿ.ಮೀ. ದಾರಿ. ಮುಂದಿನ ಭಾನುವಾರ ಪುಸ್ತಕವನ್ನು ಎರಡು ರಟ್ಟುಗಳ ನಡುವೆ ಇಟ್ಟುಕೊಂಡು ಬಸ್ಸು ಹತ್ತಿದೆವು.

"ಕ್ಯಾ ಲಾಯಾ ರೇ?" ಎನ್ನುತ್ತ ಆಪಾ ಹೊಲಿಗೆ ಯಂತ್ರದಿಂದ ಎದ್ದು ಬಂದರು. ನಲವತ್ತು ಊರಿನ ಬಟ್ಟೆ ಹೊಲಿದೇ ಮಕ್ಕಳನ್ನು ಓದಿಸಿದವರು ಅವರು. ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಬೇವಕೂಫ್ ಎಂಬಲ್ಲಿ ನಕ್ಕರು. ಟೇಪಿನ ಪುಟ ಬಂದಾಗ ಮಾತಾಡಲಿಲ್ಲ. ಬೆರಳಿನಿಂದ ಅದನ್ನು ಒಮ್ಮೆ ಸವರಿದರು.

ಬಹಳ ವರ್ಷಗಳಿಂದ ಗಂಟಲಲ್ಲಿದ್ದ ಮಾತನ್ನು ನಾವು ಆಗ ಆಡಿದೆವು. "ಆಪಾ, ನೀವು ಶಾಲೆ ಬಿಟ್ಟದ್ದು ನಮ್ಮಿಂದ. ನಿಮ್ಮ ಓದಿನಿಂದಲೇ ನಾವು ಕಥೆ ಬರೆಯುವವರಾದೆವು."

"ಬಿಟ್ಟದ್ದು ಶಾಲೆ, ಓದಲ್ಲ. ಓದಿದ್ದೇನೆ ಅನ್ನುವುದಕ್ಕೆ ಇದೇ ಇದೆಯಲ್ಲ" ಎಂದರು ಆಪಾ. ಸ್ವಲ್ಪ ತಡೆದು, "ಹೈಸ್ಕೂಲಿಗೆ ಹೋಗಬೇಕೆಂದು ಬಹಳ ಆಸೆಯಿತ್ತು. ಅದು ಸುಳ್ಳಲ್ಲ" ಎಂದೂ ಸೇರಿಸಿದರು. ನಮಗೆ ಉತ್ತರ ಹೊಳೆಯಲಿಲ್ಲ.

ತೀರ್ಮಾನ ಅವರೇ ಮಾಡಿದರು. ತುಕ್ಕಿನ ಪಿನ್ನುಗಳನ್ನು ಸೂಜಿಯ ತುದಿಯಿಂದ ನಿಧಾನವಾಗಿ ಎಬ್ಬಿಸಿ ತೆಗೆದರು. ಅದೇ ರಂಧ್ರಗಳಲ್ಲಿ ಬಿಳಿಯ ಹತ್ತಿ ನೂಲು ಪೋಣಿಸಿ ಗಂಟು ಹಾಕಿದರು. ಬೇಕಾದರೆ ನಾಳೆ ಬಿಚ್ಚಬಹುದು. ಅಂಚು ಕತ್ತರಿಸಲಿಲ್ಲ, ರಟ್ಟು ಕಟ್ಟಲಿಲ್ಲ. ಟೇಪನ್ನು ಮುಟ್ಟಲಿಲ್ಲ. "ಅದು ಅಬ್ಬಾ ಹಚ್ಚಿದ್ದು, ಇರಲಿ" ಎಂದರು. ಟೇಪು ಆ ಪುಟವನ್ನು ತಿನ್ನುತ್ತಲೇ ಹೋಗುತ್ತದೆಂದು ಹೇಳಿದೆವು. "ಇರುವಷ್ಟು ದಿನ ಇರುತ್ತದೆ" ಎಂದರು. ಓದಲಿಕ್ಕೆಂದು ಎಲ್ಲ ಪುಟಗಳ ಫೋಟೋ ತೆಗೆದುಕೊಂಡೆವು.

ಕೊನೆಗೆ ಆ ಪ್ರಶ್ನೆಚಿಹ್ನೆಯನ್ನು ತೋರಿಸಿದೆವು. "ತಪ್ಪಿತಸ್ಥ ಅಂದರೆ ಕಸೂರ್‌ವಾರ್. ಆಮೇಲೆ ಯಾವಾಗಲೋ ಗೊತ್ತಾಯಿತು" ಎಂದರು. ಜೇಬಿನಿಂದ ಪೆನ್ಸಿಲ್ ತೆಗೆದು ಕೊಟ್ಟೆವು, ಬರೆಯಲಿ ಎಂದು.

ಆಪಾ ತಲೆ ಅಲ್ಲಾಡಿಸಿದರು. "ಆವತ್ತು ಗೊತ್ತಿರಲಿಲ್ಲವಲ್ಲ. ಹಾಗೇ ಬಿಡು."