ಬಿಸಿಲು ಹುಡುಕಿಕೊಂಡು ಊರಿಗೆ

ಊರಿಗೆ ಹೋಗಲು ಮುಂಬಯಿಯ ಕನ್ನಡಿಗರಿಗೆ ನೆವ ಬೇಕೆ? ಜಾತ್ರೆ, ಮದುವೆ, ಹೊಲದ ತಕರಾರು, ಮಕ್ಕಳ ರಜೆ, ಇದಾವುದೂ ಇಲ್ಲದಿದ್ದರೆ ಹೊಸ ಜೋಳದ ರೊಟ್ಟಿಯ ನೆನಪು. ಒಂದಲ್ಲ ಒಂದು ನೆವ ಸಿಕ್ಕೇ ಸಿಗುತ್ತದೆ. ಆದರೆ ಕಾರನ್ನು ಬಿಸಿಲಿಗೆ ಹಾಕಿ ಬರಲೆಂದು ಐನೂರು ಕಿಲೋಮೀಟರಿನಷ್ಟು ದೂರ ಪಯಣ ಮಾಡಿದವರು ನಾವಲ್ಲದೆ ಬೇರೆ ಯಾರೂ ಇರಲಾರರು. 2005ರ ಆ ಪ್ರವಾಸದ ಕಥೆಯನ್ನು ಇಷ್ಟು ವರ್ಷಗಳ ಮೇಲೆ ಹೇಳಲು ಕಾರಣವಿದೆ. ಪ್ರತಿ ಮಳೆಗಾಲದಲ್ಲಿಯೂ ನಮ್ಮ ಬಳಗದವರು ಯಾರಾದರೂ “ಕಾರಿನೊಳಗೆ ನೀರು ಹೊಕ್ಕಿದೆ, ಏನು ಮಾಡೋಣ?” ಎಂದು ಕೇಳುತ್ತಲೇ ಇರುತ್ತಾರೆ. ನಮಗೆ ಬುದ್ಧಿ ತಡವಾಗಿ ಬಂದಿತು. ಅವರಿಗಾದರೂ ಬೇಗ ಬರಲಿ.

ಆಗ ನಮ್ಮ ವಾಸ ಕಲೀನಾದಲ್ಲಿ. ಆ ವರ್ಷದ ಜುಲೈ 26, ಮಂಗಳವಾರ. ಅಂದಿನ 24 ಗಂಟೆಗಳಲ್ಲಿ ಸಾಂತಾಕ್ರೂಜಿನ ಹವಾಮಾನ ಕೇಂದ್ರದಲ್ಲಿ 944 ಮಿಲಿಮೀಟರು ಮಳೆ ದಾಖಲಾಯಿತು. ಅದೇ ನಗರದ ಕೊಲಾಬಾದಲ್ಲಿ ನೂರು ಮಿಲಿಮೀಟರೂ ಆಗಲಿಲ್ಲ. ನಮ್ಮ ಇಂಡಿಯ ಸೀಮೆಯಲ್ಲಿ ಸಾಮಾನ್ಯವಾಗಿ ವರ್ಷವಿಡೀ ಸುರಿದರೂ ಅಷ್ಟು ಮಳೆಯಾಗುವುದಿಲ್ಲ. ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿಯ ನೀರಿನಿಂದ ಹುಟ್ಟಿ ಮಾಹೀಮಿನ ಬಳಿ ಕಡಲನ್ನು ಸೇರುವ ಮೀಠಿ ನದಿಯನ್ನು ನಾವು ಅಲ್ಲಿಯ ತನಕ ಗಟಾರವೆಂದೇ ತಿಳಿದಿದ್ದೆವು. ತಾನು ನದಿಯೆಂಬುದನ್ನು ಅದು ಅಂದು ಎಲ್ಲರಿಗೂ ತೋರಿಸಿಕೊಟ್ಟಿತು. ಮುಚ್ಚಿದ ಕಾರುಗಳಲ್ಲಿ ಸಿಕ್ಕಿಕೊಂಡು ಉಸಿರುಗಟ್ಟಿ ಸತ್ತವರೂ ಇದ್ದರು. ಆ ಮೇಲೆ ಎಷ್ಟೋ ಮುಂಬಯಿಗರು ಗಾಜು ಒಡೆಯಲೆಂದು ಕಾರಿನಲ್ಲೊಂದು ಸುತ್ತಿಗೆ ಇಟ್ಟುಕೊಳ್ಳತೊಡಗಿದರು. ಅಂಥ ದಿನ ನಮ್ಮ ಮನೆಯವರೆಲ್ಲ ಎರಡನೆಯ ಮಾಳಿಗೆಯಲ್ಲಿ ಒಣಗಿದ ಬಟ್ಟೆಯಲ್ಲಿದ್ದೆವು. ನೆನೆದದ್ದು ಕೆಳಗೆ ನಿಂತಿದ್ದ ಕಾರೊಂದೇ. ಅದಕ್ಕಾಗಿ ದೇವರಿಗೆ ಕೈ ಮುಗಿಯಬೇಕು.

ನಾಲ್ಕು ವರ್ಷ ಹಳೆಯ ಸಣ್ಣ ಕಾರು ಅದು. ಸೀಟಿನ ಮಟ್ಟದವರೆಗೆ ನೀರು ಏರಿತ್ತು. ನೀರಿಳಿದ ಮೇಲೆ ನಾವು ಕೀಲಿಕೈ ಹಿಡಿದು ಕೆಳಗಿಳಿದಾಗ ಬೀದಿಯ ಮೆಕ್ಯಾನಿಕನೊಬ್ಬ ದೂರದಿಂದಲೇ ಕೂಗಿದ: “ಚಾಲೂ ಮಾಡಬೇಡಿ!” ಎಂಜಿನ್ನಿನೊಳಗೆ ನೀರು ಸೇರಿದ್ದರೆ, ಗಾಳಿಯಂತೆ ಅದು ಒತ್ತಡಕ್ಕೆ ಕುಗ್ಗುವುದಿಲ್ಲ, ಪಿಸ್ಟನ್ನು ಒತ್ತಿದರೆ ಒಳಗಿನ ಉಕ್ಕಿನ ಸಲಾಕೆಯೇ ಬಾಗಿ ಹೋಗುತ್ತದೆ. ಆತ ಮೊದಲು ಬ್ಯಾಟರಿಯ ತಂತಿ ಬಿಚ್ಚಿದ, ಆಮೇಲೆ ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋದ. ಎಂಜಿನ್ ಉಳಿಯಿತು. ಎರಡು ವಾರದ ಹೊತ್ತಿಗೆ ಕಾರು ಮನೆಗೆ ಬಂದಿತು. ಸೀಟಿಗೆ ಹೊಸ ಹೊದಿಕೆ, ಕನ್ನಡಿಗೆ ತೂಗುವ ಅತ್ತರಿನ ಸೀಸೆ! ಮದುವಣಗಿತ್ತಿಯಂತೆ ಬಂದಿತ್ತು.

ಎರಡು ದಿನ ಕಳೆದವು. ಬಾಗಿಲು ತೆರೆದರೆ ಹಗೇವಿನ ಮುಗ್ಗಲು ಜೋಳದ ವಾಸನೆ ಮುಖಕ್ಕೆ ಬಡಿಯತೊಡಗಿತು. ಕಿಟಕಿ ತೆರೆದಿಟ್ಟೆವು, ಕಾಗದ ಹಾಸಿದೆವು, ಇದ್ದಿಲು ಇಟ್ಟೆವು, ಕರ್ಪೂರ ಇಟ್ಟೆವು. ಮಳೆಗಾಲದ ಮುಂಬಯಿಯಲ್ಲಿ ಕರವಸ್ತ್ರವೇ ಒಣಗದು, ಕಾರು ಒಣಗೀತೆ?

ಇಷ್ಟರಲ್ಲಿ ನಮ್ಮ ಸಂಘದ ಕಾರ್ಯಕ್ರಮವೊಂದರಲ್ಲಿ ಇಂಡಿಯ ಕಡೆಯ ಹುಡುಗನೊಬ್ಬನ ಪರಿಚಯವಾಯಿತು. ವಾಶಿಯಲ್ಲಿ ಹೊಸ ನೌಕರಿ. ಹೆಂಡತಿಗೆ ಏಳು ತಿಂಗಳು. “ಕಾಕಾ, ಹಳೇ ಗಾಡಿ ಒಂದು ಇದ್ರ ಹೇಳ್ರಿ. ರಾತ್ರಿ ಹೊತ್ತಿನ್ಯಾಗ ದವಾಖಾನಿಗೆ ಓಡಬೇಕಾದ್ರ ಬೇಕಾಗ್ತದ,” ಎಂದ. ನಮ್ಮ ಪರಿಚಯದ ದಲಾಲಿಯೊಬ್ಬ ಕಿವಿಯಲ್ಲಿ ಉಸುರಿದ: “ಇನ್ನೊಂದು ಸೀಸೆ ಅತ್ತರು ಹಾಕಿ, ಇವನಿಗೇ ದಾಟಿಸಿಬಿಡಿ.” ಓದುಗರಲ್ಲಿ ಸುಳ್ಳು ಹೇಳಿ ಫಲವೇನು? ನಮಗೂ ಆ ಮಾತು ಅರ್ಧ ರುಚಿಸಿತು. “ಊರಿಗೆ ಹೋಗಿ ಬರ್ತೀವಿ, ಬಂದ ಮ್ಯಾಲ ಗಾಡಿ ನಿನಗs,” ಎಂದುಬಿಟ್ಟೆವು. ಘಟ್ಟದ ಆಚೆ ಬಿಸಿಲಿದೆ, ಎರಡು ದಿನ ಬಿಸಿಲಿಗೆ ನಿಲ್ಲಿಸಿದರೆ ವಾಸನೆ ಹೋದೀತು, ವಾಸನೆ ಹೋದರೆ ಕಾರೂ ಹೋದೀತು ಎಂಬುದು ನಮ್ಮ ಲೆಕ್ಕ.

ಆ ಸಲ ಆಗಸ್ಟ್ 15 ಸೋಮವಾರ ಬಂದಿತ್ತು. ಕೂಡಿ ಮೂರು ದಿನ ರಜೆ. ಶನಿವಾರ ನಸುಕಿನಲ್ಲಿ ಹೊರಟೆವು. ಖಂಡಾಳಾ ಘಾಟಿನಲ್ಲಿ ಮುಗಿಲು ರಸ್ತೆಯ ಮೇಲೆಯೇ ಮಲಗಿತ್ತು. ಗುಡ್ಡದ ನೆತ್ತಿಯಿಂದ ನೂರಾರು ನೀರಿನ ಎಳೆಗಳು ಇಳಿಯುತ್ತಿದ್ದವು. ಕಡಲ ಗಾಳಿ ಹೊತ್ತು ತಂದ ನೀರನ್ನೆಲ್ಲ ಸಹ್ಯಾದ್ರಿ ಅಲ್ಲಿಯೇ ಸುಂಕದಂತೆ ವಸೂಲು ಮಾಡಿಕೊಳ್ಳುತ್ತದೆ. ಪೂರ್ವಕ್ಕೆ ದಾಟಿದ ಮುಗಿಲಿನ ಚೀಲ ಅರ್ಧಕ್ಕರ್ಧ ಬರಿದು. ಪುಣೆಯಲ್ಲಿ ಮಳೆ ತುಂತುರಾಯಿತು. ಭಿಗವಣ ದಾಟಿ, ಭೀಮಾ ನದಿಗೆ ಕಟ್ಟಿದ ಉಜನಿ ಜಲಾಶಯದ ಹಿನ್ನೀರು ಕಾಣುವ ಹೊತ್ತಿಗೆ ನೆರಳು ಮೂಡಿತು. ನೆರಳು ಕಂಡು ಯಾರಾದರೂ ಹಿಗ್ಗಿದ್ದುಂಟೆ? ನಾವು ಹಿಗ್ಗಿದೆವು, ನೆರಳು ಬಿದ್ದಿತೆಂದರೆ ಬಿಸಿಲು ಬಂತೆಂದು ಅರ್ಥ. ಹಿಂದಿನ ಸೀಟಿನಲ್ಲಿ ಮೂಗು ಮುಚ್ಚಿ ಕುಳಿತಿದ್ದ ಮಕ್ಕಳು ಕಿಟಕಿ ಇಳಿಸಿ ಕೈ ಹೊರಗೆ ಚಾಚಿದರು.

ಸೊಲ್ಲಾಪುರ ಬಿಟ್ಟು, ಭೀಮೆಯನ್ನು ದಾಟಿ, ಧೂಳಖೇಡದಲ್ಲಿ ಕನ್ನಡದ ಫಲಕ ಕಂಡಾಗ ಹೊತ್ತು ಇಳಿದಿತ್ತು. ಝಳಕಿಯ ಹತ್ತಿರ ಇಂಡಿಯ ಹಾದಿ ಹಿಡಿದೆವು. ಎರಡೂ ಕಡೆ ಲಿಂಬೆಯ ತೋಟ, ಶ್ರಾವಣದ ಬಿರುಗಾಳಿ. ಪಂಚಮಿ ಮುಗಿದಿತ್ತಾದರೂ ಅವ್ವ ನಮಗೆಂದು ಶೇಂಗಾ ಉಂಡಿ, ಎಳ್ಳುಂಡಿ ತೆಗೆದಿಟ್ಟಿದ್ದಳು.

ಮರುದಿನ ಮುಂಜಾನೆ ಅಣ್ಣ ಕಾರಿನ ಬಾಗಿಲು ತೆರೆದು ಒಂದೇ ಮಾತು ಹೇಳಿದ: “ಹೊರಗ ಒಣಗಿಸಿದ್ರ ಆಗೂದಿಲ್ಲೋ, ಇದರ ಹೊಟ್ಟಿ ಬಿಚ್ಚಬೇಕು.” ಟ್ರ್ಯಾಕ್ಟರು ಬಿಚ್ಚಿ ಜೋಡಿಸಿದ ಕೈ ಆತನದು. ಪಾನಾ ಹಿಡಿದು ಸೀಟುಗಳನ್ನು ಎತ್ತಿ ಅಂಗಳದಲ್ಲಿಟ್ಟ. ನೆಲದ ಹಾಸನ್ನು ಒಂದು ಮೂಲೆಯಿಂದ ಸುಲಿದ. ಮೇಲೆ ಕೈಯಾಡಿಸಿದರೆ ಹಾಸು ಒಣಗಿದಂತೆಯೇ ಇತ್ತು. ಅದರಡಿಯ ದಪ್ಪ ನಾರಿನ ಪದರ ಹಿಂಡಿದರೆ ನೀರು ಸುರಿಯಿತು. ಗ್ಯಾರೇಜಿನವರು ಹೊದಿಕೆ ಹೊಸದು ಹಾಕಿದ್ದರು, ಹಾಸನ್ನು ಎತ್ತಿಯೇ ಇರಲಿಲ್ಲ. ಪದರದ ಕೆಳಗೆ ತಗಡಿನ ಮೇಲೆ ಬೆರಳು ದಪ್ಪದ ಕಪ್ಪು ಕೆಸರು. ಮೀಠಿ ನದಿಯ ಕೆಸರು ನಮ್ಮಪ್ಪನ ಅಂಗಳದಲ್ಲಿ ಬಿದ್ದಿತ್ತು. ನಮಗೆ ನಾಚಿಕೆಯಾಯಿತು.

ಅಣ್ಣ ಕಾರಿನ ತಳದಲ್ಲಿರುವ ರಬ್ಬರಿನ ಬಿರಡೆಗಳನ್ನು ತೆಗೆದ. ನೀರು ಹೊರಹೋಗಲು ಅಲ್ಲಿ ತೂತುಗಳಿರುತ್ತವೆಂದು ನಾಲ್ಕು ವರ್ಷ ಕಾರು ಓಡಿಸಿದ ನಮಗೆ ಗೊತ್ತಿರಲಿಲ್ಲ. ಗಟಾರದ ನೀರಲ್ಲವೆ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸಾಬೂನಿನ ನೀರಿನಿಂದ ಎರಡೆರಡು ಸಲ ತೊಳೆದೆವು. ನಾರಿನ ಪದರವನ್ನು ತಿಪ್ಪೆಗೆ ಎಸೆದೆವು; ಒಮ್ಮೆ ಬೂಷ್ಟು ಹೊಕ್ಕ ಪದರವನ್ನು ಉಳಿಸಿಕೊಳ್ಳುವುದು ಲಾಭವಲ್ಲ. ಸೀಟಿನ ಪಟ್ಟಿಗಳನ್ನು ಪೂರ್ತಿ ಹೊರಗೆಳೆದು ತೊಳೆದೆವು. ಸುರುಳಿಯೊಳಗೂ ಕೆಸರಿನ ಗೆರೆಯಿತ್ತು. ಹೊಸ್ತಿಲ ಪಟ್ಟಿಯ ಕೆಳಗೆ ಹಾದು ಹೋಗುವ ತಂತಿಗಳ ಕೂಡುಗಳಲ್ಲಿ ಹಸಿರು ಕಿಲುಬು ಕಂಡಿತು. ಕಂಡಷ್ಟನ್ನು ಅಣ್ಣ ಉಜ್ಜಿ ತೆಗೆದ.

ಎರಡು ದಿನ ನಮ್ಮ ಕಾರಿನ ಸೀಟುಗಳು ಬೇವಿನ ಮರದ ಆಚೆ, ಹೊರಸಿನ ಮೇಲೆ ಹಾಸಿದ ಸಂಡಿಗೆಯಂತೆ, ಬಿಸಿಲು ಕಾಯಿಸಿದವು. ಅವ್ವ ತಾಸಿಗೊಮ್ಮೆ ಬಂದು ತಿರುವಿ ಹಾಕಿದಳು. ಮುಗಿಲು ಕಂಡರೆ ಮಕ್ಕಳು ಎತ್ತಿಕೊಂಡು ಪಡಸಾಲೆಗೆ ಓಡಿದರು. ಬಿಸಿಲಿಗಿಂತಲೂ ಹೆಚ್ಚಾಗಿ ಆ ಒಣ ಗಾಳಿಯೇ ಕೆಲಸ ಮಾಡಿತು. ವಾಸನೆ ಹೋಯಿತು. ನಾವು ಹೊರಡುವಾಗ ಒಂದು ಬುಟ್ಟಿ ಲಿಂಬೆಹಣ್ಣು ಕಾರಿನಲ್ಲಿಟ್ಟು, “ಇನ್ನ ಘಮಘಮ ಅಂತದ, ಕೊಳ್ಳಾವ ಕೂಡಲೇ ಒಪ್ತಾನ,” ಎಂದೆವು. ಅವ್ವ ಕೇಳಿದಳು: “ನೀರು ಹೊಕ್ಕದ್ದು ಅವಗ ಹೇಳೀಯೇನೋ ತಮ್ಮಾ?”

ನಾವು ಸುಮ್ಮನಿದ್ದೆವು.

“ಹೊಲಸು ಇದ್ದಾಗ ಅತ್ತರ ಹಚ್ಚಿದ್ರಿ, ಈಗ ಲಿಂಬಿಕಾಯಿ ಇಟ್ಟೀರಿ. ಎರಡೂ ಒಂದs. ಆ ಹುಡುಗೀಗೆ ಏಳು ತಿಂಗಳಂತ,” ಎಂದಳು ಅವ್ವ. ಮುಂಬಯಿ ಮುಟ್ಟುವ ತನಕ ಆ ಮಾತು ಕಾರಿನಲ್ಲಿ ನಮ್ಮೊಡನೆ ಕುಳಿತೇ ಬಂದಿತು.

ಹುಡುಗನನ್ನು ಮನೆಗೆ ಕರೆದು, ಉಂಡಿ ಕೊಟ್ಟು, ಎಲ್ಲವನ್ನೂ ಹೇಳಿದೆವು. ಹಾಸಿನ ಮೂಲೆ ಎತ್ತಿ ತಗಡನ್ನೂ ತೋರಿಸಿದೆವು. ಆತ ಎರಡು ದಿನ ಯೋಚಿಸಿ, “ಬ್ಯಾಡ್ರಿ ಕಾಕಾ,” ಎಂದ. ನಮಗೆ ಸ್ವಲ್ಪ ಬೇಸರವಾದದ್ದು ನಿಜ.

ನವೆಂಬರಿನ ಒಂದು ರಾತ್ರಿ ವಾಶಿಯ ಖಾಡಿಯ ಸೇತುವೆಯ ನಡುವೆ ನಮ್ಮ ಕಾರು ಇದ್ದಕ್ಕಿದ್ದಂತೆ ನಿಂತಿತು. ಹಿಂದಿನ ದೀಪಗಳೂ ಆರಿದವು. ಬೆನ್ನ ಹಿಂದೆ ಲಾರಿಗಳ ಸಾಲು. ಮಗನು ಇಳಿದು ಬಿಳಿ ಅಂಗಿ ಬೀಸುತ್ತ ನಿಂತನು. ಅದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಪೆಟ್ರೋಲು ಪಂಪಿಗೂ ಹಿಂದಿನ ದೀಪಗಳಿಗೂ ಹೋಗುವ ತಂತಿಗಳ ಒಂದು ಕೂಡು ಕಿಲುಬಿನಿಂದ ತಿಂದುಹೋಗಿತ್ತು. ಅಣ್ಣನ ಕಣ್ಣು ತಪ್ಪಿದ್ದು ಅದೊಂದೇ. ಅಷ್ಟರಲ್ಲಿ ಆ ಹುಡುಗನಿಗೆ ಮಗಳು ಹುಟ್ಟಿದ್ದಳು. ಆ ಸೇತುವೆಯ ಮೇಲೆ ಆ ರಾತ್ರಿ ಯಾರು ಇರಬಹುದಾಗಿತ್ತು ಎಂಬುದನ್ನು ನಾವು ಬಾಯಿ ಬಿಟ್ಟು ಆಡಲಿಲ್ಲ. ಮನೆಗೆ ಬಂದು ಅವ್ವನಿಗೆ ಫೋನು ಮಾಡಿದೆವು, ಅಷ್ಟೆ.

ಆದುದರಿಂದ ಬಂಧುಗಳೆ, ನೀರು ಹೊಕ್ಕ ಕಾರನ್ನು ಚಾಲೂ ಮಾಡದೆ, ಇದ್ದ ಸ್ಥಿತಿಯಲ್ಲಿ ಫೋಟೋ ತೆಗೆದು ವಿಮೆಯವರಿಗೆ ತಿಳಿಸಿರಿ. ಒಂದೆರಡು ದಿನದೊಳಗೆ ಹಾಸನ್ನು ಎತ್ತಿಸಿರಿ. ಬೂಷ್ಟು ಅದಕ್ಕಿಂತ ಹೆಚ್ಚು ಕಾಯುವುದಿಲ್ಲ. ಈಗಿನ ಕಾರುಗಳ ಸೀಟಿನ ಕೆಳಗೆ ಏರ್‌ಬ್ಯಾಗಿನ ತಂತಿಗಳೂ ಇರುತ್ತವೆ. ಸೀಟು ಬಿಚ್ಚುವುದನ್ನು ಬಲ್ಲವರಿಗೇ ಬಿಡಿರಿ. ನೆರೆ ಬಾರದೆಯೂ ಮುಂದಿನ ಸೀಟಿನವರ ಕಾಲಡಿ ಒದ್ದೆಯಾದರೆ ಏಸಿಯ ನೀರು ಹೊರಹೋಗುವ ಕೊಳವೆ ಕಟ್ಟಿರಬಹುದು, ಇಲ್ಲವೆ ಮುಂಗಾಜಿನ ಬುಡದಲ್ಲಿ ಎಲೆ ತುಂಬಿ ಮಳೆಯ ನೀರು ಒಳಗೆ ಇಳಿದಿರಬಹುದು. ಹಳೆಯ ಕಾರು ಕೊಳ್ಳುವಾಗ ಸೀಟಿನ ಪಟ್ಟಿಯನ್ನು ಕೊನೆಯವರೆಗೆ ಎಳೆದು ನೋಡಿರಿ, ಸ್ಟೆಪ್ನಿಯ ಗುಂಡಿಯಲ್ಲಿ ಬೆರಳಾಡಿಸಿರಿ. ಅಲ್ಲಿ ಕೆಸರಿದ್ದರೆ ಎದ್ದು ಬನ್ನಿರಿ. ಮಾರುವಾಗ, ಕೇಳದಿದ್ದರೂ ಹೇಳಿರಿ.

ಅಂದು ಹುಟ್ಟಿದ ಆ ಹುಡುಗಿ ಈಗ ತಾನೇ ಕಾರು ಓಡಿಸುತ್ತಾಳೆ. ಮೊನ್ನೆ ಮನೆಗೆ ಬಂದವಳು ಅಂಗಳದಲ್ಲಿ ಕಾರು ನಿಲ್ಲಿಸಿ, “ಅಜ್ಜಾ, ಒಳಗೆ ಒಂಥರಾ ವಾಸನೆ ಬರ್ತಾ ಇದೆ, ಅತ್ತರು ಹಾಕಲೇ?” ಎಂದಳು. ನಾವು ಪಾನಾ ಹುಡುಕಲು ಎದ್ದೆವು.